ತಿಂಗಳಿಗೊಂದೇ ಹೆಜ್ಜೆ: ಮೈಸೂರಿನ ನಮ್ಮ ಬೀದಿಯ ಹೆಂಗಸರ ಉಳಿತಾಯದ ಲೆಕ್ಕ

ನಮ್ಮ ಮನೆ ಮೈಸೂರಿನ ಜೆ.ಪಿ. ನಗರದಲ್ಲಿ. ತವರು ಪಾಂಡವಪುರದ ಹತ್ತಿರದ ಹಳ್ಳಿ. ಸಂಜೆ ಐದೂವರೆ ಆದರೆ ಬೀದಿ ಕೊನೆಯ ಪಾರ್ಕಿನ ಕಲ್ಲು ಬೆಂಚಿನ ಮೇಲೆ ನಾವು ಏಳೆಂಟು ಜನ ಹೆಂಗಸರು ಕೂರುತ್ತೇವೆ. ಒಬ್ಬರು ಬಟ್ಟೆ ಹೊಲಿಯುತ್ತಾರೆ, ಒಬ್ಬರು ಅಂಗನವಾಡಿ ಟೀಚರ್, ಒಬ್ಬರ ಯಜಮಾನರು ಆಟೋ ಓಡಿಸುತ್ತಾರೆ, ಇನ್ನೊಬ್ಬರು ರಿಟೈರ್ ಆದ ಹೆಡ್ ಮೇಡಂ. ಸೊಸೆಯಂದಿರ ಮಾತು, ಸೀರಿಯಲ್ ಮಾತು ಎಲ್ಲ ಮುಗಿದ ಮೇಲೆ ಕೊನೆಗೆ ಬರುವುದು ಒಂದೇ ಪ್ರಶ್ನೆ. ಈ ತಿಂಗಳು ನಿಮ್ಮನೇಲಿ ಎಷ್ಟಾಯ್ತು?

ಅಲ್ಲಿ ಕೇಳಿದ್ದು, ಮನೆಯಲ್ಲಿ ಮಾಡಿ ನೋಡಿದ್ದು, ಮಾಡಿ ಕೈ ಸುಟ್ಟುಕೊಂಡಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಶುರು ಮಾಡುವ ಮೊದಲು ಒಂದು ಮಾತು. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ನಾನು ಹಾಗೆ ಮಾಡಿದ್ದೆ. ಒಂದೇ ವಾರದಲ್ಲಿ ಗೀಸರ್ ಬಂದ್, ಬೇಕರಿ ಬಂದ್, ಆಟೋ ಬಂದ್ ಅಂದೆ. ಮಗ ಅಜ್ಜಿ ಹತ್ತಿರ ದೂರು ಕೊಟ್ಟ. ಮಗಳು ಮಾತು ಬಿಟ್ಟಳು. ಹದಿನೈದನೇ ದಿನ ನಾನೇ ಬೇಕರಿ ಮುಂದೆ ನಿಂತು ವೆಜ್ ಪಫ್ ತಿನ್ನುತ್ತಿದ್ದೆ. ಆಮೇಲೆ ಬುದ್ಧಿ ಬಂದು ತಿಂಗಳಿಗೆ ಒಂದು ವಿಷಯ ಮಾತ್ರ ಹಿಡಿದೆ. ಅದೇ ಲೆಕ್ಕದಲ್ಲಿ ಬರೆಯುತ್ತೇನೆ.

ಮೊದಲ ತಿಂಗಳು: ಏನೂ ಕಡಿಮೆ ಮಾಡಬೇಡಿ, ಸುಮ್ನೆ ಬರೆಯಿರಿ

ಒಂದು 200 ಪುಟದ ನೋಟ್‌ಬುಕ್ ಬೇಕು. ಮಕ್ಕಳ ಹೋದ ವರ್ಷದ ನೋಟ್‌ಬುಕ್ಕುಗಳಲ್ಲಿ ಉಳಿದ ಹಾಳೆಗಳನ್ನು ಕಿತ್ತು ಹೊಲಿದುಕೊಂಡರೂ ಆಗುತ್ತದೆ. ಅದನ್ನು ಫ್ರಿಜ್ ಮೇಲೆ ಇಡಿ, ಪೆನ್ನಿಗೆ ದಾರ ಕಟ್ಟಿ ಅದಕ್ಕೇ ಬಿಗಿಯಿರಿ. ದಾರ ಕಟ್ಟದಿದ್ದರೆ ಮೂರನೇ ದಿನಕ್ಕೆ ಪೆನ್ನು ಮಾಯ, ನಾಲ್ಕನೇ ದಿನಕ್ಕೆ ಲೆಕ್ಕವೂ ಮಾಯ.

ಪುಟದಲ್ಲಿ ಗೆರೆ ಎಳೆದು ತಾರೀಖು, ಯಾವುದಕ್ಕೆ, ಎಷ್ಟು ಅಂತ ಬರೆಯಿರಿ. ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಕಾಲಂ ಬಿಡಿ. ತಲೆಬರಹ ‘ಬೇಕಿತ್ತಾ?’ ಅದನ್ನು ಅವತ್ತೇ ತುಂಬಬೇಡಿ. ಕೊಂಡ ದಿನ ಎಲ್ಲವೂ ಬೇಕಿತ್ತು ಅಂತಲೇ ಅನ್ನಿಸುತ್ತದೆ. ತಿಂಗಳು ಕಳೆದ ಮೇಲೆ ಕೂತು ತುಂಬಿ.

ನಮ್ಮ ಮೊದಲ ತಿಂಗಳ ಒಂದು ದಿನ ಹೀಗಿತ್ತು: ಹಾಲು 48, ಹೂವು 20, ಜೆರಾಕ್ಸ್ 14, ಬೇಕರಿ 95, ಆಟೋ 70, ಕೊತ್ತಂಬರಿ ಸೊಪ್ಪು 10, ಫೋನಿನ ಕವರ್ 150. ನೋಡಿ, ಇದರಲ್ಲಿ ದೊಡ್ಡ ಖರ್ಚು ಅನ್ನುವಂಥದ್ದು ಒಂದೂ ಇಲ್ಲ. ಆದರೂ ನಾನೂರು ರೂಪಾಯಿ ದಾಟಿದೆ.

ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟ ದುಡ್ಡು ಹೋಗಿದ್ದೇ ಗೊತ್ತಾಗುವುದಿಲ್ಲ, ಅಲ್ವಾ? ಐನೂರರ ನೋಟು ಮುರಿಸುವಾಗ ಆಗುವ ಸಂಕಟ ಅಲ್ಲಿಲ್ಲ. ಆದರೆ ಅದರಲ್ಲಿ ಒಂದು ಅನುಕೂಲವೂ ಇದೆ. ರಾತ್ರಿ ಊಟ ಆದ ಮೇಲೆ ಆ್ಯಪ್‌ನ ಹಿಸ್ಟರಿ ತೆಗೆದರೆ ಪೈಸೆ ಬಿಡದೆ ಪಟ್ಟಿ ಇರುತ್ತದೆ. ನಕಲು ಮಾಡಿದರೆ ಮುಗಿಯಿತು. ಐದು ನಿಮಿಷದ ಕೆಲಸ.

ತಿಂಗಳ ಕೊನೆಯಲ್ಲಿ ಕೂಡಿ ನೋಡಿದಾಗ ನನಗೆ ಆಶ್ಚರ್ಯ. ನಾನು ಅಷ್ಟು ದಿನ ಕಾಫಿಪುಡಿ ಮೇಲೆ ಗುಮಾನಿ ಪಡುತ್ತಿದ್ದೆ. ಕಾಫಿಪುಡಿಯದು ಏನೂ ತಪ್ಪಿರಲಿಲ್ಲ. ಬೇಕರಿಗೆ 1,940 ರೂಪಾಯಿ ಹೋಗಿತ್ತು. ಆಟೋಗೆ ಸಾವಿರದ ಮುನ್ನೂರು ಚಿಲ್ಲರೆ. ಹೂವಿಗೆ 600. ನಮ್ಮತ್ತೆ ಕನ್ನಡಕ ಹಾಕಿಕೊಂಡು ಪುಸ್ತಕ ನೋಡಿದರು. ಹೂವಿನ ಸಾಲಿನ ಮೇಲೆ ಬೆರಳಿಟ್ಟು, ‘ಇದನ್ನ ಮಾತ್ರ ಮುಟ್ಟಬೇಡ ಕಣವ್ವ’ ಅಂದರು. ಮುಟ್ಟಿಲ್ಲ. ಮೈಸೂರಲ್ಲಿದ್ದುಕೊಂಡು ಮಲ್ಲಿಗೆಗೆ ಲೆಕ್ಕ ಹಾಕಿದರೆ ಚೆನ್ನಾಗಿರುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥ ಒಂದು ಸಾಲು ಇರುತ್ತದೆ. ಅದನ್ನು ಮೊದಲೇ ಗುರುತು ಮಾಡಿ ಪಕ್ಕಕ್ಕಿಟ್ಟುಬಿಡಿ. ಉಳಿದದ್ದರಲ್ಲಿ ಕೈ ಆಡಿಸಬಹುದು.

ಎರಡನೇ ತಿಂಗಳು: ದಿನಸಿ

ನಮಗೆ ಬಂಡಿಪಾಳ್ಯದ ಎಪಿಎಂಸಿ ಹತ್ತಿರ. ಪೇಟೆ ಕಡೆಯವರಿಗೆ ಸಂತೆಪೇಟೆ ಇದೆ. ಹೋಲ್‌ಸೇಲ್‌ನಲ್ಲಿ ಕಡಿಮೆಗೆ ಸಿಗುತ್ತದೆ ನಿಜ. ಆದರೆ ಕಡಿಮೆಗೆ ಸಿಕ್ಕಿತು ಅಂತ ಎಲ್ಲವನ್ನೂ ಮೂಟೆಗಟ್ಟಲೆ ತರಬಾರದು. ನನ್ನ ಕಥೆ ಕೇಳಿ.

ಆಷಾಢದಲ್ಲಿ ಒಂದು ಸಲ ಕೆ.ಜಿ.ಗೆ 18 ರೂಪಾಯಿ ಕಡಿಮೆ ಅಂತ 10 ಕೆ.ಜಿ. ತೊಗರಿಬೇಳೆ ತಂದೆ. 180 ರೂಪಾಯಿ ಉಳಿಸಿದೆ ಅಂತ ಬೆಂಚಿನ ಮೇಲೆ ಕೂತು ಎಲ್ಲರಿಗೂ ಹೇಳಿದ್ದೂ ಆಯಿತು. ಮಳೆಗಾಲದ ತೇವ, ಡಬ್ಬಿಯ ಮುಚ್ಚಳ ಸಡಿಲ. ಗೌರಿ ಹಬ್ಬಕ್ಕೆ ಒಬ್ಬಟ್ಟು ಮಾಡೋಣ ಅಂತ ಬೇಳೆ ತೆಗೆದರೆ ಡಬ್ಬಿ ತುಂಬ ಹುಳ. ಕೇರಿ, ಆರಿಸಿ, ಬಿಸಿಲಿಗೆ ಹಾಕಿ ಎಷ್ಟು ಒದ್ದಾಡಿದರೂ 4 ಕೆ.ಜಿ. ಎಸೆಯಬೇಕಾಯಿತು. ಉಳಿಸಿದ್ದು 180, ಕಳೆದದ್ದು ಅದರ ಮೂರು ಪಟ್ಟು.

ಅವತ್ತಿನಿಂದ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ರಾಗಿಯನ್ನು ಕಾಳಾಗಿ ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಹಿಂದೆ ನಮ್ಮ ಕಡೆ ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ಹುಣಸೆಹಣ್ಣು, ಉಪ್ಪು, ಒಣಮೆಣಸಿನಕಾಯಿ, ಹಳೆ ಅಕ್ಕಿ ಇವನ್ನು ಧೈರ್ಯವಾಗಿ ಒಟ್ಟಿಗೆ ತನ್ನಿ. ಬೇಳೆ ತರುವುದಾದರೆ ಎರಡು ತಿಂಗಳಿಗೆ ಆಗುವಷ್ಟು, ಅದೂ ಒಳ್ಳೆ ಬಿಸಿಲಲ್ಲಿ ಒಣಗಿಸಿ, ಅಂಗೈಗೆ ನಾಲ್ಕು ಹನಿ ಹರಳೆಣ್ಣೆ ಹಾಕಿಕೊಂಡು ಸವರಿ ಇಡಿ. ರವೆ, ಮೈದಾ, ಕಡಲೆಕಾಯಿ ಬೀಜ, ಬೀಸಿದ ಹಿಟ್ಟು ಇವೆಲ್ಲ ತಿಂಗಳಿಗೆ ಸಾಕಾಗುವಷ್ಟೇ. ರಾಗಿಯನ್ನೂ ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಮಿಲ್ಲಿಗೆ ಹಾಕಿಸಿ. ಹಿಟ್ಟು ಹಳೆಯದಾದರೆ ಕಹಿ ಬರುತ್ತದೆ, ಮುದ್ದೆಗೆ ಜಿಗುಟೂ ಬರುವುದಿಲ್ಲ.

ಯಾವಾಗ ತರಬೇಕು ಅನ್ನುವುದು ಎಲ್ಲಿಂದ ತರಬೇಕು ಅನ್ನುವುದಕ್ಕಿಂತ ಮುಖ್ಯ. ಸುಗ್ಗಿ ಮುಗಿದು ಸಂಕ್ರಾಂತಿ ಕಳೆದ ಮೇಲೆ ರಾಗಿ ಕೊಳ್ಳಿ. ಹೊಸ ತೊಗರಿ ಬರುವುದೂ ಹೆಚ್ಚುಕಮ್ಮಿ ಆಗಲೇ. ಶಿವರಾತ್ರಿಯಿಂದ ಯುಗಾದಿಯ ತನಕ ಹೊಸ ಹುಣಸೆ, ಮೆಣಸಿನಕಾಯಿ. ಆಗ ಬಿಸಿಲೂ ಇರುತ್ತದೆ, ಸಾರಿನ ಪುಡಿಯನ್ನು ವರ್ಷಕ್ಕೆ ಆಗುವಷ್ಟು ಹುರಿದು ಮಿಲ್ಲಿನಲ್ಲಿ ಪುಡಿ ಮಾಡಿಸಿಬಿಡಬಹುದು. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ. ಹಿತಕಿದ ಬೇಳೆಯನ್ನು, ಅಂದರೆ ನೆನೆಸಿ ಸಿಪ್ಪೆ ಬಿಡಿಸಿದ ಅವರೆಕಾಳನ್ನು, ಅಂಗಡಿಯಲ್ಲಿ ಕೊಂಡರೆ ಕೂಲಿಯನ್ನೂ ಸೇರಿಸಿ ಕೊಡಬೇಕು. ಮನೆಯಲ್ಲಿ ಟೀವಿ ಮುಂದೆ ಕೂತವರ ಕೈಗೆ ಒಂದೊಂದು ಬಟ್ಟಲು ಕೊಟ್ಟು ಹಿತಕಿಸಿ.

ಬೆಲ್ಲ ಮಾತ್ರ ನಾನು ಮಂಡ್ಯದಿಂದಲೇ ತರಿಸುವುದು. ತಂಗಿ ಮನೆ ಅಲ್ಲಿದೆ. ಆಲೆಮನೆ ಕಡೆ ಹೋದವರು ಯಾರಾದರೂ ತಂದುಕೊಡುತ್ತಾರೆ. ಅಚ್ಚು, ಉಂಡೆ, ಬಕೆಟ್ ಬೆಲ್ಲ ಅಂತ ಬೇರೆ ಬೇರೆ ಸಿಗುತ್ತವೆ. ಬಿಳಿಚಿಕೊಂಡ ಹಳದಿ ಬೆಲ್ಲಕ್ಕೆ ಜನ ಜಾಸ್ತಿ ದುಡ್ಡು ಕೊಡುತ್ತಾರೆ. ನೋಟಕ್ಕೆ ಚೆನ್ನಾಗಿರಲಿ ಅಂತ ಅದಕ್ಕೆ ಔಷಧಿ ಹಾಕುವುದುಂಟು. ಕಂದು ಬಣ್ಣದ್ದೇ ನನಗೆ ಇಷ್ಟ. ಒಬ್ಬಟ್ಟಿಗೆ ಪರಿಮಳವೂ ಜಾಸ್ತಿ. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ, ಆಗ ಮಾತ್ರ ಸ್ವಲ್ಪ ಸ್ವಲ್ಪ ತನ್ನಿ.

ಪ್ಯಾಕೆಟ್ ಸಾಮಾನು ಕೊಳ್ಳುವಾಗ ಎಂ.ಆರ್.ಪಿ. ಒಂದನ್ನೇ ನೋಡಬೇಡಿ. ಅದರ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ಗ್ರಾಂಗೋ ಕೆ.ಜಿ.ಗೋ ಇಷ್ಟು ಅಂತ ಬೆಲೆ ಹಾಕಿರುತ್ತಾರೆ. ಅದನ್ನು ಹೋಲಿಸಿ. ಎಣ್ಣೆಯಲ್ಲಿ ಈ ಮೋಸ ಜಾಸ್ತಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡುವುದಕ್ಕೆ ಹಾಗೇ ಇರುವ ಪ್ಯಾಕೆಟ್ಟಿನ ಮೇಲೆ 850, 800 ಗ್ರಾಂ ಅಂತಲೂ ಇರುತ್ತದೆ. ಬೆಲೆ ಕಡಿಮೆ ಇದೆ ಅಂತ ಎತ್ತಿಕೊಂಡು ಬಂದರೆ ಎಣ್ಣೆಯೇ ಕಡಿಮೆ ಇರುತ್ತದೆ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನುವುದೂ ಸುಳ್ಳು. ಒಂದೊಂದು ಸಲ ಎರಡು ಸಣ್ಣ ಪ್ಯಾಕೆಟ್ಟೇ ಕಡಿಮೆಗೆ ಬೀಳುತ್ತದೆ.

ಇನ್ನೊಂದು ಲೆಕ್ಕ ಮರೆಯಬೇಡಿ. ಬಂಡಿಪಾಳ್ಯಕ್ಕೆ ಬಸ್ಸಿನಲ್ಲಿ ಹೋಗಬಹುದು, ಆದರೆ 25 ಕೆ.ಜಿ. ಅಕ್ಕಿ ಚೀಲ ಇಟ್ಟುಕೊಂಡು ಬಸ್ಸಿನಲ್ಲಿ ಬರಲು ಆಗುವುದಿಲ್ಲ. ಬರುವಾಗಿನ ಆಟೋ ಬಾಡಿಗೆ ಉಳಿತಾಯವನ್ನೆಲ್ಲ ನುಂಗಿಬಿಡುತ್ತದೆ. ನಾವು ಮೂರು ಮನೆಯವರು ಸೇರಿ ಎರಡು ತಿಂಗಳಿಗೊಮ್ಮೆ ಹೋಗುತ್ತೇವೆ. ಬಾಡಿಗೆ ಮೂರು ಪಾಲು. ಒಂದು ಮೂಟೆ ತೆಗೆದು ಮನೆಯಲ್ಲಿ ಹಂಚಿಕೊಂಡರೆ ಹುಳ ಹಿಡಿಯುವ ಭಯವೂ ಇಲ್ಲ.

ಮೂರನೇ ತಿಂಗಳು: ಒಲೆ

ಹಳೇ ಮೈಸೂರಿನ ಅಡುಗೆಮನೆಗೆ ಉಳಿತಾಯ ಹೇಳಿಕೊಡಲು ಯಾರೂ ಬೇಡ. ಬಸ್ಸಾರು ಒಂದೇ ಸಾಕು. ಒಂದು ಸಲ ಬೇಯಿಸಿದ್ದಕ್ಕೆ ಎರಡು ಅಡುಗೆ. ಮಾಡಲು ಬರುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಮದುವೆಯಾಗಿ ಬೇರೆ ಕಡೆಯಿಂದ ಮೈಸೂರಿಗೆ ಬಂದ ಹುಡುಗಿಯರಿಗೋಸ್ಕರ ಬರೆಯುತ್ತಿದ್ದೇನೆ.

ಒಂದು ಲೋಟ ತೊಗರಿಬೇಳೆ, ಇಲ್ಲದಿದ್ದರೆ ಹುರುಳಿಕಾಳು ಅಥವಾ ಅಲಸಂದೆ. ಕಾಳಾದರೆ ರಾತ್ರಿಯೇ ನೆನೆಹಾಕಿ. ಎರಡು ಕಟ್ಟು ಸೊಪ್ಪು. ದಂಟು, ಕೀರೆ, ಬೆರಕೆ ಸೊಪ್ಪು, ಅವತ್ತು ಯಾವುದು ಅಗ್ಗವೋ ಅದು. ದಂಟಿನ ಕಡ್ಡಿ ಎಳೆಯದಾಗಿದ್ದರೆ ಎಸೆಯಬೇಡಿ, ನಾರು ತೆಗೆದು ಹೆಚ್ಚಿ ಹಾಕಿ. ಬೇಳೆ ಅರ್ಧ ಬೆಂದ ಮೇಲೆ ಸೊಪ್ಪು, ಉಪ್ಪು ಹಾಕಿ. ನೀರು ಧಾರಾಳವಾಗಿರಲಿ. ಬೇಳೆ ಒತ್ತಿದರೆ ಮುರಿಯಬೇಕು, ಕರಗಿ ಹೋಗಬಾರದು. ಈಗ ಆ ನೀರನ್ನು ಬಸಿದುಕೊಳ್ಳಿ. ಅದೇ ಕಟ್ಟು. ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಹುರಿದು, ಒಂದು ಹಿಡಿ ತೆಂಗಿನಕಾಯಿ ತುರಿ, ಸಾರಿನ ಪುಡಿ, ಚೂರು ಹುಣಸೆಹಣ್ಣು, ಬೆಂದ ಸೊಪ್ಪು ಬೇಳೆಯಿಂದಲೇ ಒಂದು ಸೌಟು ತೆಗೆದು ಅದನ್ನೂ ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ ಒಗ್ಗರಣೆ ಕೊಡಿ. ಸಾರು ಆಯಿತು. ಬಸಿದು ಉಳಿದ ಸೊಪ್ಪು ಬೇಳೆಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಪಲ್ಯ. ಮುದ್ದೆಗೆ ಸಾರು, ನಂಚಿಕೊಳ್ಳಲು ಪಲ್ಯ. ಮಾರನೇ ದಿನಕ್ಕೆ ಸಾರು ಇನ್ನೂ ರುಚಿ.

ರುಬ್ಬಲು ಬೇಸರವಾದ ದಿನ ಉಪ್ಸಾರು ಮಾಡಿ. ಕಟ್ಟು ಹಾಗೇ ಇರಲಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು ಅರೆದ ಖಾರವನ್ನು ತಟ್ಟೆಯ ಅಂಚಿಗೆ ಹಾಕಿಕೊಂಡು ಕಲಸಿಕೊಂಡರೆ ಆಯಿತು. ಮಂಡ್ಯ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆ ಖಾರವನ್ನು ಒಂದು ಸಲ ಅರೆದಿಟ್ಟರೆ ಫ್ರಿಜ್ಜಿನಲ್ಲಿ ವಾರ ಇರುತ್ತದೆ.

ಇನ್ನು ಗ್ಯಾಸ್. ಹೊಸ ಸಿಲಿಂಡರ್ ಹಾಕಿದ ದಿನ ಅದರ ಮೈಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯಿರಿ. ನಮ್ಮನೆಯಲ್ಲಿ ಮೊದಲು 33 ದಿನಕ್ಕೆ ಖಾಲಿಯಾಗುತ್ತಿತ್ತು. ಈಗ 41, 42 ದಿನ ಬರುತ್ತದೆ. ಮಾಡಿದ್ದು ದೊಡ್ಡದೇನೂ ಅಲ್ಲ. ಕಾಳು ನೆನೆಹಾಕುವುದು, ಒಂದೇ ಕುಕ್ಕರಿನಲ್ಲಿ ಅನ್ನ, ಬೇಳೆ ಎರಡೂ ಪಾತ್ರೆ ಇಡುವುದು, ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡುವುದು, ಬರ್ನರ್ ತೂತುಗಳನ್ನು ಪಿನ್ನಿನಿಂದ ಕ್ಲೀನ್ ಮಾಡುವುದು. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆ ತಳ ಕಪ್ಪಾಗುತ್ತಿದ್ದರೆ ಗ್ಯಾಸ್ ಸುಮ್ಮನೆ ಹೋಗುತ್ತಿದೆ ಅಂತ ತಿಳಿಯಿರಿ.

ಸಿಲಿಂಡರ್ ತಂದಾಗ ತೂಕ ಹಾಕಿಸಿ. ನಾಚಿಕೆ ಬೇಡ. ಒಳಗಿನ ಗ್ಯಾಸ್ 14.2 ಕೆ.ಜಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ಎರಡನ್ನೂ ಕೂಡಿದಷ್ಟು ತೂಗಬೇಕು, ಅಷ್ಟೇ.

ಮೊಸರು ಪ್ಯಾಕೆಟ್ ಕೊಳ್ಳುವುದನ್ನು ಬಿಡಿ, ಹೆಪ್ಪು ಹಾಕಿ. ಕೆನೆ ತೆಗೆದಿಟ್ಟರೆ ತಿಂಗಳಿಗೆ ಒಂದು ಬಟ್ಟಲು ತುಪ್ಪ. ಇದಕ್ಕಿಂತ ಜಾಸ್ತಿ ಹೇಳುವುದೇನೂ ಇಲ್ಲ.

ನಾಲ್ಕನೇ ತಿಂಗಳು: ಕರೆಂಟು

ಗೃಹಜ್ಯೋತಿ ಬಂದ ಮೇಲೆ ಕರೆಂಟಿನ ಲೆಕ್ಕವೇ ಬದಲಾಗಿದೆ. ಇದನ್ನು ಸರಿಯಾಗಿ ತಿಳಿದುಕೊಂಡವರು ನಮ್ಮ ಬೀದಿಯಲ್ಲೇ ಕಡಿಮೆ. 200 ಯೂನಿಟ್ ತನಕ ಎಲ್ಲರಿಗೂ ಫ್ರೀ ಅಂದುಕೊಂಡಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿದಿತ್ತೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ ನಿಮ್ಮ ಮಿತಿ. ನಮ್ಮ ಸರಾಸರಿ 110 ಇತ್ತು. ಹಾಗಾಗಿ 121 ಯೂನಿಟ್ ತನಕ ಸೊನ್ನೆ ಬಿಲ್. 135 ಉರಿದರೆ ಮೇಲಿನ 14ಕ್ಕೆ ಮಾತ್ರ ದುಡ್ಡು. ಆದರೆ 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಅಂದರೆ 199ಕ್ಕೂ 201ಕ್ಕೂ ಎರಡು ಯೂನಿಟ್ಟಿನ ವ್ಯತ್ಯಾಸ ಅಲ್ಲ, ಅದು ನೂರಾರು ರೂಪಾಯಿಯ ವ್ಯತ್ಯಾಸ.

ಆದ್ದರಿಂದ ಮೊದಲು ಬಿಲ್ಲು ತೆಗೆದು ನಿಮ್ಮ ಮಿತಿ ಎಷ್ಟು ಅಂತ ನೋಡಿ. ಆಮೇಲೆ ತಿಂಗಳ ಮಧ್ಯದಲ್ಲಿ ಒಂದು ಸಲ ಮೀಟರ್ ರೀಡಿಂಗ್ ಬರೆದುಕೊಳ್ಳಿ. ಅರ್ಧ ತಿಂಗಳಿಗೆ ಅರ್ಧ ಮಿತಿ ದಾಟಿದ್ದರೆ ಯಾವುದಕ್ಕೆ ಹೋಗುತ್ತಿದೆ ಅಂತ ಹುಡುಕಬೇಕು.

ಹುಡುಕುವುದೂ ಸುಲಭ. ಸಾವಿರ ವಾಟಿನ ಸಾಮಾನು ಒಂದು ಗಂಟೆ ಉರಿದರೆ ಒಂದು ಯೂನಿಟ್. ಗೀಸರಿನ ಮೇಲೆ 2000 ವಾಟ್ ಅಂತ ಬರೆದಿರುತ್ತದೆ. ಮನೆಯಲ್ಲಿ ಐದು ಜನ, ತಲೆಗೆ ಹದಿನೈದು ನಿಮಿಷ ಅಂದರೂ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75. ನಮ್ಮ 121ರಲ್ಲಿ ಅರ್ಧಕ್ಕಿಂತ ಜಾಸ್ತಿ ಬಚ್ಚಲಿಗೇ ಹೋಗುತ್ತಿತ್ತು! ಅದೇ 9 ವಾಟಿನ ಎಲ್‌ಇಡಿ ಬಲ್ಬು ನೂರಹತ್ತು ಗಂಟೆ ಉರಿದರೂ ಒಂದೇ ಯೂನಿಟ್. ನಾನು ಮಾತ್ರ ಮಕ್ಕಳು ಲೈಟ್ ಆರಿಸಿಲ್ಲ ಅಂತ ದಿನಾ ಬೈಯುತ್ತಿದ್ದೆ. ಬೈಯಬೇಕಿದ್ದದ್ದು ಗೀಸರಿಗೆ.

ನಮ್ಮತ್ತೆ ಅದಕ್ಕೆ ಹಳೇ ದಾರಿಯನ್ನೇ ಹಿಡಿದರು. ಮನೆ ಹಿಂದಿನ ಓಣಿಯಲ್ಲಿ ಮೂರು ಕಲ್ಲಿಟ್ಟು ಊರಿನಿಂದ ತಂದ ತಾಮ್ರದ ಹಂಡೆ ಕೂರಿಸಿದರು. ಕರಟ, ತೆಂಗಿನ ಮಟ್ಟೆ, ಒಣಗಿದ ಸೋಗೆ. ಬೆಳಗ್ಗೆ ಐದೂವರೆಗೆ ಒಂದು ಹಂಡೆ ಕಾಯಿಸಿದರೆ ಎಲ್ಲರ ಸ್ನಾನ ಮುಗಿಯುತ್ತದೆ. ಬಾಡಿಗೆ ಮನೆಯವರಿಗೆ, ಮೇಲಿನ ಮಹಡಿಯವರಿಗೆ ಇದು ಆಗದ ಮಾತು. ಅವರು ಗೀಸರನ್ನು ಹತ್ತು ನಿಮಿಷ ಹಾಕಿ ಆರಿಸಿ, ಬಕೆಟ್ಟಿಗೆ ಬಿಟ್ಟುಕೊಂಡು ತಣ್ಣೀರು ಬೆರೆಸಿ, ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಅರ್ಧಕ್ಕರ್ಧ ಇಳಿಯುತ್ತದೆ. ಷವರ್ ಕೆಳಗೆ ನಿಂತು ಹಾಡು ಹೇಳುವವರು ಮನೆಯಲ್ಲಿದ್ದರೆ ಅದು ನಿಮ್ಮ ಹಣೆಬರಹ.

ಬಿಎಲ್‌ಡಿಸಿ ಫ್ಯಾನ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಹಳೇ ಫ್ಯಾನ್ 75 ವಾಟ್, ಇದು ಸುಮಾರು 30 ವಾಟ್, ನಿಜ. ಆದರೆ ನಿಮ್ಮ ಬಿಲ್ಲು ಆಗಲೇ ಸೊನ್ನೆ ಬರುತ್ತಿದ್ದರೆ ಮೂರು ಸಾವಿರ ಕೊಟ್ಟು ಹೊಸ ಫ್ಯಾನ್ ತಂದರೆ ಉಳಿಯುವುದು ಎಷ್ಟು? ಸೊನ್ನೆಯೇ. ಹಳೆಯದು ಕೆಟ್ಟಾಗ ತನ್ನಿ. ಉಳಿತಾಯ ಮಾಡುವುದಕ್ಕೆ ಅಂತ ಖರ್ಚು ಮಾಡುವ ಚಟ ನಮಗೆಲ್ಲ ಇದೆ.

ಓಡಾಟದ ಬಗ್ಗೆ ಎರಡೇ ಮಾತು

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಫ್ರೀ. ಸಿಟಿ ಬಸ್ಸಿಗೂ ನಡೆಯುತ್ತದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಪರ್ಸಿನಲ್ಲಿರಲಿ. ನಮ್ಮ ಆಟೋ ಖರ್ಚು ಅರ್ಧ ಆಗಿದ್ದು ಇದರಿಂದಲೇ. ಆದರೆ ಫ್ರೀ ಅಂತ ವಾರಕ್ಕೆರಡು ಸಲ ಪೇಟೆಗೆ ಹೋದರೆ ಟಿಕೆಟ್ ಉಳಿದು ಕೈಚೀಲ ತುಂಬುತ್ತದೆ. ನಮ್ಮ ಬೆಂಚಿನವರಲ್ಲಿ ಇಬ್ಬರಿಗೆ ಹಾಗಾಗಿದೆ. ಅವರಲ್ಲಿ ಒಬ್ಬಳು ನಾನು.

ಮೈಸೂರು, ಮಂಡ್ಯ ಮಧ್ಯೆ ದಿನಾ ಓಡಾಡುವ ಗಂಡಸರು, ಹುಡುಗರು ರೈಲಿನ ತಿಂಗಳ ಪಾಸ್ ಮಾಡಿಸಿಕೊಳ್ಳಿ. ಸುಮಾರು 45 ಕಿಲೋಮೀಟರ್ ದಾರಿ. ಬೈಕಿನ ಪೆಟ್ರೋಲಿಗೆ ಹೋಲಿಸಿದರೆ ಪಾಸಿನದು ದುಡ್ಡೇ ಅಲ್ಲ.

ಐದನೇ ತಿಂಗಳು: ಮುಯ್ಯಿ ಮತ್ತು ಹಬ್ಬ

ಹಾಲು, ಸೊಪ್ಪು, ಕರೆಂಟು ಎಲ್ಲದರಲ್ಲೂ ಉಳಿಸಿದ್ದನ್ನು ಒಂದು ಮದುವೆ ತಿಂಗಳು ಗುಡಿಸಿಕೊಂಡು ಹೋಗುತ್ತದೆ. ವೈಶಾಖ ಬಂತು ಅಂದರೆ ವಾರಕ್ಕೆರಡು ಮದುವೆ, ನಡುವೆ ಗೃಹಪ್ರವೇಶ, ನಾಮಕರಣ. ಮುಯ್ಯಿ, ಅಂದರೆ ಶುಭಕಾರ್ಯಕ್ಕೆ ಕೊಡುವ ಉಡುಗೊರೆ ದುಡ್ಡು, ಮಾಡದೆ ಇರಲು ಆಗುವುದಿಲ್ಲ. ನಮ್ಮ ಮನೆ ಮದುವೆಗೆ ಅವರು ಮಾಡಿರುತ್ತಾರೆ. ಇದನ್ನು ಬಿಟ್ಟುಬಿಡಿ ಅಂತ ಹೇಳುವವರಿಗೆ ನಮ್ಮ ಕಡೆಯ ಬಾಂಧವ್ಯ ಗೊತ್ತಿಲ್ಲ.

ಹೊಲಿಗೆ ಮಾಡುವ ಅಕ್ಕ ಹೇಳಿಕೊಟ್ಟ ಉಪಾಯ ಇದು. ಹಳೇ ಮುಯ್ಯಿ ಪುಸ್ತಕ ತೆಗೆಯಿರಿ. ಯಾರು ಎಷ್ಟು ಮಾಡಿದ್ದರು, ಅವರ ಮನೆಯಲ್ಲಿ ಇನ್ನು ಎಷ್ಟು ಶುಭಕಾರ್ಯ ಬಾಕಿ ಇದೆ ಅಂತ ಪಕ್ಕದಲ್ಲಿ ಬರೆಯಿರಿ. ಒಂದು ವರ್ಷಕ್ಕೆ ಹೆಚ್ಚುಕಮ್ಮಿ ಎಷ್ಟು ಬೇಕು ಅಂತ ಗೊತ್ತಾಗುತ್ತದೆ. ಹನ್ನೆರಡರಿಂದ ಭಾಗಿಸಿ. ಅಷ್ಟನ್ನು ಪ್ರತಿ ತಿಂಗಳು ಬೇರೆ ಡಬ್ಬಿಯಲ್ಲಿಡಿ. ನಮಗೆ ವರ್ಷಕ್ಕೆ 9,600 ಬಂತು, ತಿಂಗಳಿಗೆ 800. ಮದುವೆ ಇರಲಿ ಬಿಡಲಿ, 800 ಡಬ್ಬಿಗೆ. ಈಗ ಲಗ್ನಪತ್ರಿಕೆ ಬಂದರೆ ಎದೆ ಧಸಕ್ ಅನ್ನುವುದಿಲ್ಲ.

ಬಟ್ಟೆಯನ್ನು ಆಷಾಢದಲ್ಲೇ ತೆಗೆಯಿರಿ. ಆ ತಿಂಗಳು ಮದುವೆ ಇರುವುದಿಲ್ಲ, ಬಟ್ಟೆ ಅಂಗಡಿಗಳಲ್ಲಿ ಜನ ಇರುವುದಿಲ್ಲ, ಡಿಸ್ಕೌಂಟ್ ಹಾಕುತ್ತಾರೆ. ಆದರೆ ಮನೆಯಿಂದ ಹೊರಡುವಾಗಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗೌರಿ ಹಬ್ಬಕ್ಕೆ ಎರಡು ಸೀರೆ, ಮಗಳಿಗೆ ಒಂದು ಚೂಡಿದಾರ್, ಅಷ್ಟೇ. ಚೀಟಿ ಇಲ್ಲದೆ ಒಳಗೆ ಹೋದರೆ ಡಿಸ್ಕೌಂಟ್ ಅವರಿಗೇ ಲಾಭ. ದಸರಾ ಗೊಂಬೆಗೂ ಅಷ್ಟೇ. ಪ್ರತಿ ವರ್ಷ ಹೊಸ ಸೆಟ್ ತರುವ ಬದಲು ನಾವು ಪಕ್ಕದ ಮನೆಯವರ ಜೊತೆ ಒಂದೊಂದು ಸಾಲು ಅದಲು ಬದಲು ಮಾಡಿಕೊಳ್ಳುತ್ತೇವೆ. ಪಟ್ಟದ ಗೊಂಬೆ ಮಾತ್ರ ಅವರವರ ಮನೆಯದೇ.

ಆರನೇ ತಿಂಗಳು: ಉಳಿದ ದುಡ್ಡನ್ನು ಎಲ್ಲಿಡುವುದು

ಇಷ್ಟು ಮಾಡಿದ ಮೇಲೆ ನಮ್ಮನೆಯಲ್ಲಿ ತಿಂಗಳಿಗೆ ಎರಡೂವರೆ ಸಾವಿರದ ಹತ್ತಿರ ಉಳಿಯಲು ಶುರುವಾಯಿತು. ಉಳಿದದ್ದು ಕೈಯಲ್ಲಿದ್ದರೆ ಮತ್ತೆ ಬೇಕರಿಗೇ ಹೋಗುತ್ತದೆ. ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟರೂ ಅಷ್ಟೇ, ಎಲ್ಲಿದೆ ಅಂತ ನಮಗೇ ಗೊತ್ತಲ್ಲ. ಸಂಬಳ ಬಂದ ಮೂರು ದಿನದೊಳಗೆ ಅದನ್ನು ಮನೆಯಿಂದ ಹೊರಗೆ ಹಾಕಬೇಕು.

ಪೋಸ್ಟಾಫೀಸಿನ ಆರ್.ಡಿ., ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಖಾತೆ, ನನಗೆ ಸರಿ ಅನ್ನಿಸಿದೆ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷದ ಅವಧಿ. ಹನ್ನೆರಡು ಕಂತು ಕಟ್ಟಿದ ಮೇಲೆ ಕಷ್ಟ ಬಂದರೆ ಕಟ್ಟಿದ್ದರಲ್ಲಿ ಅರ್ಧದ ತನಕ ಸಾಲ ಸಿಗುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ದೊಡ್ಡ ಕಂತು ಒಪ್ಪಿಕೊಂಡು ಒದ್ದಾಡುವ ಬದಲು ಸುಲಭವಾಗಿ ಕಟ್ಟಬಹುದಾದಷ್ಟು ಇಟ್ಟುಕೊಳ್ಳಿ. ಹತ್ತು ವರ್ಷ ತುಂಬದ ಹೆಣ್ಣು ಮಗು ಮನೆಯಲ್ಲಿದ್ದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತ. ನನ್ನ ಮಗಳಿಗೆ ನಾನು ವಿಚಾರಿಸುವ ಹೊತ್ತಿಗೆ ಹನ್ನೊಂದು ತುಂಬಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಂಗನವಾಡಿ ಟೀಚರ್ ಮನೆಯಲ್ಲಿ ಅವರ ಅತ್ತೆಗೆ ಗೃಹಲಕ್ಷ್ಮಿ ದುಡ್ಡು 2,000 ಬರುತ್ತದೆ. ಆ ಯೋಜನೆ ಶುರುವಾಗಿದ್ದೂ ನಮ್ಮ ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು. ಆ ಅಜ್ಜಿ 1,000 ಆರ್.ಡಿ.ಗೆ ಹಾಕುತ್ತಾರೆ, 1,000 ಮಾತ್ರೆಗೆ, ಎಲೆ ಅಡಿಕೆಗೆ. ಬಿಪಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಜನೌಷಧಿ ಅಂಗಡಿಯದಕ್ಕೆ ಬದಲಾಯಿಸಿದ ಮೇಲೆ ಎಲೆ ಅಡಿಕೆಗೆ ಜಾಸ್ತಿ ಉಳಿಯುತ್ತಿದೆ ಅಂತ ನಗುತ್ತಾರೆ.

ಈಗ ಚೀಟಿ. ನಮ್ಮಲ್ಲಿ ಚೀಟಿ ಹಾಕದ ಹೆಂಗಸರೇ ಇಲ್ಲ. ನಾನೂ ಹಾಕಿದ್ದೆ. 20 ಜನ, ತಿಂಗಳಿಗೆ 2,000, ಹರಾಜಿನಲ್ಲಿ ಕೂಗಿದವರಿಗೆ, ಅವರು ಬಿಟ್ಟುಕೊಟ್ಟದ್ದನ್ನು 40,000ದಲ್ಲಿ ಕಳೆದು ಉಳಿದದ್ದು. ನಡೆಸುತ್ತಿದ್ದವರು ಪರಿಚಯದವರೇ, ಹಬ್ಬಕ್ಕೆ ಎಳ್ಳು ಬೆಲ್ಲ ಬೀರಿದವರೇ. ಒಂಬತ್ತು ಕಂತು ಕಟ್ಟಿದ್ದೆ, ಮಗಳ ಕಾಲೇಜು ಫೀಸಿಗೆ ಅಂತ ಕೂಗದೆ ಕಾದಿದ್ದೆ. ಒಂದು ಸೋಮವಾರ ಹೋಗಿ ನೋಡಿದರೆ ಮನೆಗೆ ಬೀಗ. 18,000 ಹೋಯಿತು. ನನ್ನ ಹತ್ತಿರ ರಸೀದಿ ಇರಲಿಲ್ಲ, ಒಂದು ಸಣ್ಣ ಪುಸ್ತಕದಲ್ಲಿ ಅವರ ಗೀಚು ಸಹಿ ಮಾತ್ರ.

ಚೀಟಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದಕ್ಕೆ 1982ರ ಕಾಯ್ದೆಯೇ ಇದೆ. ನೋಂದಣಿ ಆದ ಚೀಟಿಗೆ ನಂಬರ್ ಇರುತ್ತದೆ, ಬರಹದ ಕರಾರು ಇರುತ್ತದೆ, ನಡೆಸುವವರ ಕಮಿಷನ್ ನೂರಕ್ಕೆ 7 ಮೀರುವ ಹಾಗಿಲ್ಲ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಯಾರೇ ಕರೆದರೂ ಮೊದಲು ನೋಂದಣಿ ನಂಬರ್ ಕೇಳಿ. ‘ನಮ್ಮ ಮೇಲೆ ನಂಬಿಕೆ ಇಲ್ವಾ’ ಅಂತ ಅವರು ಬೇಜಾರು ಮಾಡಿಕೊಂಡರೆ ಅಲ್ಲಿಂದ ಎದ್ದು ಬನ್ನಿ. ನಾನು ಅವತ್ತು ಅದೇ ಮಾತಿಗೆ ಸಂಕೋಚ ಪಟ್ಟುಕೊಂಡು ಕೂತಿದ್ದೆ.

ಕೈ ಬಿಗಿ ಹಿಡಿಯಬಾರದ ಕಡೆ

ಉಳಿಸುವುದು ಒಂದು ಸಲ ರೂಢಿಯಾದರೆ ಕೈ ಎಲ್ಲದಕ್ಕೂ ಬಿಗಿಯಾಗುತ್ತದೆ. ನಮ್ಮ ಬೆಂಚಿನವರಲ್ಲಿ ಒಬ್ಬರು ಹಲ್ಲು ನೋವನ್ನು ಲವಂಗ ಇಟ್ಟುಕೊಂಡೇ ಎಂಟು ತಿಂಗಳು ತಳ್ಳಿದರು. ಮೊದಲೇ ಹೋಗಿದ್ದರೆ ಹಲ್ಲು ತುಂಬಿಸಿ ಮುಗಿಯುತ್ತಿತ್ತು. ಕೊನೆಗೆ ರೂಟ್ ಕೆನಾಲ್, ಮೇಲೊಂದು ಕ್ಯಾಪ್. ಹೆಲ್ಮೆಟ್, ಮಕ್ಕಳ ಕನ್ನಡಕ, ಬೆಳೆಯುವ ಮಕ್ಕಳ ಹಾಲು ಮೊಟ್ಟೆ, ದಿನಾ ನಡೆಯುವವರ ಚಪ್ಪಲಿ ಇವುಗಳಲ್ಲಿ ಚೌಕಾಸಿ ಬೇಡ.

ಗ್ಯಾಸಿನ ಪೈಪೂ ಅಷ್ಟೇ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ಇಸವಿ ಅಚ್ಚಾಗಿರುತ್ತದೆ, ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಇದನ್ನು ಬರೆಯುವ ಮೊದಲು ನಮ್ಮದನ್ನು ಬಗ್ಗಿ ಟಾರ್ಚ್ ಹಾಕಿ ನೋಡಿದೆ. ಅವಧಿ ಮುಗಿದು ಏಳು ತಿಂಗಳಾಗಿತ್ತು. ಗ್ಯಾಸಿನವರಿಗೆ ಫೋನ್ ಮಾಡಿದ್ದೇನೆ, ನಾಳೆ ಬರುತ್ತಾರಂತೆ. ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಸಾಲು ಬಿಟ್ಟಿದ್ದೇನೆ.